ಕೆರೆಗೆ ಡೀಸೆಲ್ ಹರಿದು ಬಂದರೆ ಏನು ಮಾಡಬೇಕು?

ಮೂರು ವರ್ಷದ ಹಿಂದಿನ ಮಾತು. ಹಾವೇರಿ ಜಿಲ್ಲೆಯ ನಮ್ಮೂರ ಹೊರಗೆ, ಹೈವೇ ತಿರುವಿನಲ್ಲಿ ಒಂದು ಡೀಸೆಲ್ ಟ್ಯಾಂಕರ್ ಮಗುಚಿ ಬಿತ್ತು. ರಸ್ತೆಯ ಕೆಳಗೆ ಮೋರಿ. ಮೋರಿ ದಾಟಿದರೆ ಹಳ್ಳ. ಹಳ್ಳ ಹೋಗಿ ಸೇರುವುದು ನಮ್ಮ ಕೆರೆಗೆ. ಬೆಳಗ್ಗೆ ಆರು ಗಂಟೆಗೆ ಹೋಗಿ ನೋಡಿದರೆ ಹಳ್ಳದ ನೀರಿನ ಮೇಲೆ ನವಿಲುಗರಿಯಂಥ ಬಣ್ಣ. ಮಕ್ಕಳು ದಂಡೆ ಮೇಲೆ ಕೂತು ನೋಡುತ್ತಿದ್ದವು.

ದೊಡ್ಡವರು ನಾವು ಏನು ಮಾಡಿದೆವು? ಒಬ್ಬರು ಪಂಪ್‌ಸೆಟ್ ಹಚ್ಚಿ ರಸ್ತೆ ತೊಳೆದರು. ಇನ್ನೊಬ್ಬರು ಅಂಗಡಿಯಿಂದ ಸೋಪಿನ ಪುಡಿ ತಂದು ಹಳ್ಳಕ್ಕೆ ಚೆಲ್ಲಿದರು. "ತೊಳದ್ರ ಹೋಗತೈತಿ ತಗೋರಿ" ಎಂದರು ಪಕ್ಕದ ಹೊಲದ ಕಾಕಾ. ನಾನೂ ತಲೆಯಾಡಿಸಿದೆ. ಮಧ್ಯಾಹ್ನದ ಹೊತ್ತಿಗೆ ರಸ್ತೆ ಚೊಕ್ಕವಾಗಿತ್ತು, ಡೀಸೆಲ್ಲೆಲ್ಲ ಕೆರೆಯಲ್ಲಿತ್ತು. ಕಂಪನಿಯವರು ಬಂದದ್ದು ಮರುದಿನ.

ಆಮೇಲೆ ನಾನು ಸಮುದ್ರದಲ್ಲಿ ಎಣ್ಣೆ ಚೆಲ್ಲಿದಾಗ ಕಂಪನಿಗಳು ಏನು ಮಾಡುತ್ತವೆ ಎಂದು ಹುಡುಕಿ ಹುಡುಕಿ ಓದಿದೆ. ಸಮುದ್ರ ನಮಗೆ ದೂರ, ನಿಜ. ಆದರೆ ಎಣ್ಣೆ ನೀರಿನ ಮೇಲೆ ತೇಲುವ ರೀತಿ ಎಲ್ಲ ಕಡೆಯೂ ಒಂದೇ. ಕಂಪನಿಗಳು ಮಾತಾಡುವ ರೀತಿಯೂ ಸುಮಾರು ಒಂದೇ. ಧಾರವಾಡ, ಹುಬ್ಬಳ್ಳಿ, ಶಿಗ್ಗಾಂವಿ, ಹಾವೇರಿ, ರಾಣೇಬೆನ್ನೂರು ಎಲ್ಲ ಹೈವೇ ಮೇಲಿನ ಊರುಗಳು. ಗದಗದ ರಸ್ತೆಯಲ್ಲೂ ಅಂಕೋಲಾ ರಸ್ತೆಯಲ್ಲೂ ಹಗಲೂ ರಾತ್ರಿ ಟ್ಯಾಂಕರ್ ಓಡುತ್ತವೆ. ಇವತ್ತು ನಮ್ಮ ಕೆರೆ, ನಾಳೆ ನಿಮ್ಮದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ ಹೇಳುತ್ತೇನೆ. 2010ರ ಏಪ್ರಿಲ್ 20ರಂದು ಅಮೆರಿಕದ ಮೆಕ್ಸಿಕೊ ಕೊಲ್ಲಿಯಲ್ಲಿ ಬಿಪಿ ಕಂಪನಿಯ ತೈಲಬಾವಿ ಸ್ಫೋಟವಾಯಿತು. ಹನ್ನೊಂದು ಜನ ಸತ್ತರು. ಬಾವಿಯ ಬಾಯಿ ಮುಚ್ಚುವುದಕ್ಕೆ 87 ದಿನ ಬೇಕಾಯಿತು. ಸಾವಿರಾರು ದೋಣಿಗಳು, ನಲವತ್ತು ಸಾವಿರಕ್ಕೂ ಜಾಸ್ತಿ ಜನ ಸ್ವಚ್ಛ ಮಾಡುವ ಕೆಲಸಕ್ಕೆ ಇಳಿದರು. ಇಷ್ಟಾದ ಮೇಲೆ ನೀರಿನ ಮೇಲಿಂದ ಕೆನೆ ತೆಗೆದ ಹಾಗೆ ತೆಗೆದ ಎಣ್ಣೆ ಎಷ್ಟು ಗೊತ್ತೇ? ಅಲ್ಲಿನ ಸರ್ಕಾರದ ಅಂದಾಜಿನ ಪ್ರಕಾರ ಒಟ್ಟು ಎಣ್ಣೆಯಲ್ಲಿ ನೂರಕ್ಕೆ 3 ಪಾಲು. ಬಾವಿಯ ಬಾಯಲ್ಲೇ ಹಿಡಿದದ್ದು 17 ಪಾಲು. ಹರಡಿದ ಮೇಲೆ ಎತ್ತುವುದು ಅಷ್ಟು ಕಷ್ಟ. ಹರಡುವ ಮೊದಲೇ ಹಿಡಿಯಬೇಕು. ನಮ್ಮ ಹಳ್ಳದಲ್ಲಿ ಆ ಹೊತ್ತು ಅಂದರೆ ಮೊದಲ ಎರಡು ತಾಸು. ಆಗ ಅಲ್ಲಿ ಕಂಪನಿ ಇರುವುದಿಲ್ಲ, ನಾವೇ ಇರುತ್ತೇವೆ.

ಹೆಜ್ಜೆ 1: ಹತ್ತಿರ ಹೋಗುವ ಮೊದಲು ನಂಬರ್ ನೋಡಿ

ಟ್ಯಾಂಕರ್ ಬಿದ್ದ ಸುದ್ದಿ ಕೇಳಿದ ಕೂಡಲೇ ಜನ ಕ್ಯಾನು, ಕೊಡ ಹಿಡಿದು ಓಡುತ್ತಾರೆ. ದಯವಿಟ್ಟು ಓಡಬೇಡಿ, ಓಡುವವರನ್ನು ತಡೆಯಿರಿ. 2017ರ ಜೂನ್ 25ರಂದು ಪಾಕಿಸ್ತಾನದ ಬಹಾವಲ್ಪುರದ ಹತ್ತಿರ ಹೀಗೇ ಬಿದ್ದ ಟ್ಯಾಂಕರ್‌ನಿಂದ ಪೆಟ್ರೋಲ್ ತುಂಬಿಕೊಳ್ಳಲು ಹಳ್ಳಿಯ ಜನ ಸೇರಿದರು. ಬೆಂಕಿ ಹತ್ತಿತು. 200ಕ್ಕೂ ಜಾಸ್ತಿ ಜನ ಸತ್ತರು. ಹೆಂಗಸರು, ಮಕ್ಕಳು ಎಲ್ಲ ಇದ್ದರು.

ಟ್ಯಾಂಕರ್‌ನ ಪಕ್ಕದಲ್ಲಿ, ಹಿಂಭಾಗದಲ್ಲಿ ಒಂದು ಫಲಕ ಇರುತ್ತದೆ. ಅದರ ಮೇಲೆ ನಾಲ್ಕು ಅಂಕಿಯ ನಂಬರ್. 1203 ಅಂದರೆ ಪೆಟ್ರೋಲ್. 1202 ಅಂದರೆ ಡೀಸೆಲ್. 1223 ಚಿಮಣಿ ಎಣ್ಣೆ. 1075 ಅಡುಗೆ ಗ್ಯಾಸ್. ಅದೇ ಫಲಕದಲ್ಲಿ ತುರ್ತು ಫೋನ್ ನಂಬರ್ ಕೂಡ ಇರುತ್ತದೆ. ದೂರದಿಂದ ಮೊಬೈಲ್‌ನಲ್ಲಿ ಝೂಮ್ ಮಾಡಿ ಫೋಟೋ ತೆಗೆದರೆ ಸಾಕು.

ಪೆಟ್ರೋಲ್ ಅಥವಾ ಗ್ಯಾಸ್ ಆಗಿದ್ದರೆ ಈ ಲೇಖನದ ಹೆಜ್ಜೆ 2, 3, 4 ನಿಮಗಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ ದೂರ ಸರಿಯಿರಿ, ಜನರನ್ನೂ ದನಗಳನ್ನೂ ಸರಿಸಿ, ಒಲೆ ಆರಿಸಿ, ಫೈರ್ ಬ್ರಿಗೇಡ್‌ಗೆ ಬಿಟ್ಟುಬಿಡಿ. ಡೀಸೆಲ್ ಅಷ್ಟು ಬೇಗ ಹತ್ತಿಕೊಳ್ಳುವುದಿಲ್ಲ. ಆದರೆ ನಮ್ಮ ದೇಶದ ಮಾನದಂಡದಲ್ಲಿ ಡೀಸೆಲ್ ಆವಿಗೆ ಕಿಡಿ ತಾಗಬಹುದಾದ ಕನಿಷ್ಠ ಶಾಖ 35 ಡಿಗ್ರಿ. ಏಪ್ರಿಲ್ ತಿಂಗಳ ಗದಗದ ಬಿಸಿಲು ಅದನ್ನು ದಾಟುತ್ತದೆ, ಡಾಂಬರು ರಸ್ತೆಯಂತೂ ಇನ್ನೂ ಕಾಯುತ್ತದೆ. ಬೀಡಿ, ಸಿಗರೇಟು, ಹತ್ತಿರದಲ್ಲಿ ಗಾಡಿ ಸ್ಟಾರ್ಟ್ ಮಾಡುವುದು ಯಾವುದೂ ಬೇಡ.

ಫೋನ್ ಮಾಡುವುದು ಹೀಗೆ. ಮೊದಲು 112. ಪೊಲೀಸ್, ಫೈರ್, ಆಂಬುಲೆನ್ಸ್ ಮೂರಕ್ಕೂ ಅದೇ. ರಾಷ್ಟ್ರೀಯ ಹೆದ್ದಾರಿಯಾಗಿದ್ದರೆ 1033 ಕೂಡ. ಆಮೇಲೆ ಫಲಕದ ಮೇಲಿನ ಕಂಪನಿ ನಂಬರ್. ಕೊನೆಗೆ ತಹಶೀಲ್ದಾರ್ ಕಚೇರಿ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿ. ಪ್ರತಿ ಫೋನ್ ಎಷ್ಟು ಗಂಟೆಗೆ ಮಾಡಿದಿರಿ, ಯಾರು ಎತ್ತಿದರು ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತ ಹೋಗಿ. ಆ ನೋಟ್‌ಬುಕ್ ಕೊನೆಯ ತನಕ ಬೇಕಾಗುತ್ತದೆ.

ಟ್ಯಾಂಕರ್‌ನ ವಾಲ್ವ್ ತಿರುಗಿಸುವುದು, ತೂತು ಮುಚ್ಚುವುದು ಡ್ರೈವರ್ ಮತ್ತು ಫೈರ್‌ನವರ ಕೆಲಸ. ನಾವು ಅಲ್ಲಿ ಕೈ ಹಾಕಬಾರದು. ನಮ್ಮ ಕೆಲಸ ಕೆಳಗಡೆ, ಹಳ್ಳದಲ್ಲಿ.

ಹೆಜ್ಜೆ 2: ಎಣ್ಣೆಗಿಂತ ಮುಂದೆ ಓಡಿ, ಪೈಪ್ ಒಡ್ಡು ಹಾಕಿ

ಎಣ್ಣೆ ಈಗ ಎಲ್ಲಿದೆ ಎನ್ನುವುದಕ್ಕಿಂತ ಅರ್ಧ ತಾಸಿನ ಮೇಲೆ ಎಲ್ಲಿರುತ್ತದೆ ಎಂದು ಯೋಚಿಸಿ. ಇದು ಊರಿನವರಿಗೆ ಗೊತ್ತಿರುವಷ್ಟು ಯಾವ ಕಂಪನಿಯ ಎಂಜಿನಿಯರಿಗೂ ಗೊತ್ತಿರುವುದಿಲ್ಲ. ಹಳ್ಳ ಎಲ್ಲಿ ಕಿರಿದಾಗುತ್ತದೆ, ಎಲ್ಲಿ ಟ್ರ್ಯಾಕ್ಟರ್ ಇಳಿಯುತ್ತದೆ, ದನ ಕಾಯುವ ಹುಡುಗ ಸಹ ಹೇಳುತ್ತಾನೆ. ಎಣ್ಣೆ ಇನ್ನೂ ತಲುಪದ ಒಂದು ಕಿರಿದಾದ ಜಾಗ ಆರಿಸಿ.

ಅಲ್ಲಿ ಮಣ್ಣಿನ ಒಡ್ಡು ಹಾಕಬೇಕು. ಸುಮ್ನೆ ಒಡ್ಡು ಹಾಕಿದರೆ ನೀರು ತುಂಬಿ ಉಕ್ಕುತ್ತದೆ. ಮೇಲೆ ತೇಲುವುದು ಎಣ್ಣೆ, ಹಾಗಾಗಿ ಉಕ್ಕುವಾಗ ಮೊದಲು ದಾಟುವುದೂ ಎಣ್ಣೆಯೇ. ಅದಕ್ಕೇ ಒಡ್ಡಿನೊಳಗೆ ಪೈಪ್ ಹಾಯಿಸಬೇಕು. ಹೊಲದಲ್ಲಿ ಬಿದ್ದಿರುವ ಆರಿಂಚಿನ ಪಿವಿಸಿ ಪೈಪ್ ಆದರೂ ನಡೆಯುತ್ತದೆ.

ಪೈಪ್ ಇಡುವ ರೀತಿ ಮುಖ್ಯ. ಅದು ಓರೆಯಾಗಿರಬೇಕು. ಎಣ್ಣೆ ಬರುವ ಕಡೆಯ ಬಾಯಿ ಹಳ್ಳದ ತಳಕ್ಕೆ ಹತ್ತಿರ ಇರಲಿ. ಕೆರೆಯ ಕಡೆಯ ಬಾಯಿ ಎತ್ತರದಲ್ಲಿ ಇರಲಿ, ಒಡ್ಡಿನ ಹಿಂದೆ ನೀರು ಎಷ್ಟು ಎತ್ತರ ನಿಲ್ಲಬೇಕು ಅನ್ನಿಸುತ್ತದೋ ಅಷ್ಟು ಎತ್ತರದಲ್ಲಿ. ಆಗ ತಳದ ಒಳ್ಳೆಯ ನೀರು ಮಾತ್ರ ಪೈಪಿನಲ್ಲಿ ಹತ್ತಿ ಆಚೆ ಬೀಳುತ್ತದೆ. ಎಣ್ಣೆ ಮೇಲೆಯೇ ತೇಲುತ್ತ ಒಡ್ಡಿನ ಹಿಂದೆ ಉಳಿಯುತ್ತದೆ. ನೀರು ಏರುತ್ತಲೇ ಇದ್ದರೆ ಪೈಪ್ ಸಾಲದು ಎಂದರ್ಥ, ಪಕ್ಕದಲ್ಲಿ ಇನ್ನೊಂದು ಹಾಕಿ. ಒಡ್ಡಿನ ತಲೆ ಪೈಪಿನ ಬಾಯಿಗಿಂತ ಕನಿಷ್ಠ ಒಂದು ಮೊಳ ಎತ್ತರ ಇರಲಿ. ಪೈಪಿನ ಸುತ್ತ ಎರೆ ಮಣ್ಣನ್ನು ತುಳಿದು ಗಟ್ಟಿ ಮಾಡಿ. ಹಸಿ ಎರೆ ಮಣ್ಣು ನೀರನ್ನು ಬಿಟ್ಟುಕೊಡುವುದಿಲ್ಲ, ಈ ಕೆಲಸಕ್ಕೆ ಹೇಳಿ ಮಾಡಿಸಿದ ಮಣ್ಣು. ಜೆಸಿಬಿ ಸಿಕ್ಕರೆ ಬೇಗ ಮುಗಿಯುತ್ತದೆ. ಎಣ್ಣೆಯ ವಾಸನೆ ಬರುವ ಜಾಗದಿಂದ ದೂರದಲ್ಲಿ ಮಾತ್ರ ಅದನ್ನು ಓಡಿಸಿ.

ನಮ್ಮೂರಲ್ಲಿ ಆ ದಿನ ಮೂರು ಜೆಸಿಬಿ ಇದ್ದವು. ಪೈಪ್ ಅಂತೂ ಮನೆಮನೆಯಲ್ಲಿ. ಈ ಒಂದು ವಿಷಯ ಗೊತ್ತಿದ್ದಿದ್ದರೆ ಸಾಕಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಹೆಜ್ಜೆ 3: ಈರುಳ್ಳಿ ಚೀಲ, ಜಿನ್ನಿಂಗ್ ಮಿಲ್‌ನ ಹತ್ತಿ

ಸಮುದ್ರದಲ್ಲಿ ಕಂಪನಿಗಳು ಎಣ್ಣೆಯ ಸುತ್ತ ತೇಲುವ ಬೇಲಿ ಹಾಕುತ್ತವೆ. ಅದಕ್ಕೆ ಬೂಮ್ ಎನ್ನುತ್ತಾರೆ. 2020ರಲ್ಲಿ ಮಾರಿಷಸ್ ದ್ವೀಪದ ಹತ್ತಿರ ವಕಾಶಿಯೊ ಎಂಬ ಜಪಾನಿನವರ ಹಡಗು ಹವಳದ ದಿಬ್ಬಕ್ಕೆ ಹತ್ತಿ ನಿಂತಿತು. ಹತ್ತಿದ್ದು ಜುಲೈ 25ಕ್ಕೆ, ಎಣ್ಣೆ ಸೋರಲು ಶುರುವಾದದ್ದು ಆಗಸ್ಟ್ 6ಕ್ಕೆ. ಸುಮಾರು 1,000 ಟನ್ ಎಣ್ಣೆ ನೀರಿಗೆ ಹೋಯಿತು. ದ್ವೀಪದ ಜನ ಕಂಪನಿಯ ದಾರಿ ಕಾಯಲಿಲ್ಲ. ಬಟ್ಟೆಯ ಕೊಳವೆ ಹೊಲಿದು, ಅದರಲ್ಲಿ ಕಬ್ಬಿನ ರವದಿ ತುರುಕಿ, ಖಾಲಿ ಪ್ಲಾಸ್ಟಿಕ್ ಬಾಟಲಿ ಕಟ್ಟಿ ತಾವೇ ಬೂಮ್ ಮಾಡಿದರು. ಕೂದಲು ಕತ್ತರಿಸಿ ಕೊಟ್ಟವರೂ ಇದ್ದರು, ಕೂದಲಿಗೂ ಎಣ್ಣೆ ಹಿಡಿಯುವ ಗುಣ ಇದೆ.

ನಮ್ಮ ಕಡೆ ಕಬ್ಬಿಗಿಂತ ಒಳ್ಳೆಯದೊಂದು ಇದೆ. ಹತ್ತಿ. ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ, ಮಕ್ಕಳಿಗೂ ತೋರಿಸಿ. ನಾನು ಅಡುಗೆಮನೆ ಕಟ್ಟೆ ಮೇಲೆ ಮಾಡಿದೆ. ಎರಡು ಸ್ಟೀಲ್ ಬೋಗುಣಿಯಲ್ಲಿ ನೀರು. ಎರಡಕ್ಕೂ ಒಂದೊಂದು ಚಮಚ ಹಳೆಯ ಎಂಜಿನ್ ಆಯಿಲ್. ಮೊದಲನೆಯದಕ್ಕೆ ಮೆಡಿಕಲ್ ಅಂಗಡಿಯ ಬಿಳಿ ಹತ್ತಿಯ ಉಂಡೆ ಹಾಕಿದೆ. ಅದು ಕ್ಷಣದಲ್ಲಿ ನೀರು ಕುಡಿದು ಮುದ್ದೆಯಾಗಿ ತಳಕ್ಕೆ ಹೋಯಿತು. ಎರಡನೆಯದಕ್ಕೆ ಹೊಲದಿಂದ ಬಿಡಿಸಿ ತಂದ, ತೊಳೆಯದ ಹತ್ತಿ. ಅದು ನೀರಿನ ಮೇಲೆ ಹಗುರಾಗಿ ಕೂತಿತು. ಎಣ್ಣೆಯ ಕಪ್ಪು ಅದರ ಎಳೆಗಳಲ್ಲಿ ಮೆಲ್ಲಗೆ ಏರತೊಡಗಿತು. ಹತ್ತು ನಿಮಿಷದ ಮೇಲೆ ಎತ್ತಿದೆ. ಹತ್ತಿ ಪೂರಾ ಕಪ್ಪಾಗಿತ್ತು, ನೀರಿನ ಮೇಲೆ ತೆಳ್ಳಗೆ ಒಂದು ಹೊಳಪು ಮಾತ್ರ ಉಳಿದಿತ್ತು.

ಕಾರಣ ಸರಳ. ಕಚ್ಚಾ ಹತ್ತಿಯ ಎಳೆಯ ಮೇಲೆ ಮೇಣದ ತೆಳುವಾದ ಪದರ ಇರುತ್ತದೆ. ಮೇಣ ನೀರನ್ನು ದೂಡುತ್ತದೆ, ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಔಷಧಿ ಅಂಗಡಿಯ ಹತ್ತಿಯಲ್ಲಿ ಆ ಮೇಣವನ್ನು ತೊಳೆದು ತೆಗೆದಿರುತ್ತಾರೆ. ಅಮೆರಿಕದ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದವರು ಇದನ್ನು ಅಳೆದು ನೋಡಿದ್ದಾರೆ. ಒಂದು ಗ್ರಾಂ ಕಚ್ಚಾ ಹತ್ತಿ ಸುಮಾರು 30 ಗ್ರಾಂ ತನಕ ಕಚ್ಚಾ ತೈಲ ಹಿಡಿಯಿತು. ಅದರಲ್ಲೂ ಸರಿಯಾಗಿ ಬಲಿಯದ, ಮಾರುಕಟ್ಟೆಯಲ್ಲಿ ರೇಟು ಸಿಗದ ಹತ್ತಿಯೇ ಜಾಸ್ತಿ ಹಿಡಿಯಿತು. ಡೀಸೆಲ್ ತೆಳು, ಅಷ್ಟು ನಿಲ್ಲಲಿಕ್ಕಿಲ್ಲ. ಆದರೂ ಹುಲ್ಲಿಗಿಂತ, ಹೊಟ್ಟಿಗಿಂತ ಎಷ್ಟೋ ಮೇಲು. ಹುಬ್ಬಳ್ಳಿ, ಅಣ್ಣಿಗೇರಿ, ಗದಗ, ಲಕ್ಷ್ಮೇಶ್ವರ ಕಡೆಯವರಿಗೆ ಹತ್ತಿ ಎಲ್ಲಿ ಸಿಗುತ್ತದೆ ಎಂದು ನಾನು ಹೇಳಬೇಕೇ?

ಈಗ ಬೂಮ್ ಮಾಡುವ ಬಗೆ. ಕೆಂಪು ಬಲೆಯ ಈರುಳ್ಳಿ ಚೀಲ ತೆಗೆದುಕೊಳ್ಳಿ. ಜಿನ್ನಿಂಗ್ ಮಿಲ್‌ನ ಕಸದ ಹತ್ತಿಯನ್ನು ಸಡಿಲವಾಗಿ ತುಂಬಿ. ಒತ್ತಿ ತುಂಬಿದರೆ ಒಳಗಿನ ಹತ್ತಿಗೆ ಎಣ್ಣೆ ತಲುಪುವುದೇ ಇಲ್ಲ. ಪ್ರತಿ ಚೀಲಕ್ಕೆ ಬಿರಡೆ ಬಿಗಿದ ಎರಡು ಖಾಲಿ ನೀರಿನ ಬಾಟಲಿ ಸೇರಿಸಿ, ಆಗ ಎಣ್ಣೆ ಕುಡಿದು ಭಾರವಾದರೂ ಮುಳುಗುವುದಿಲ್ಲ. ಚೀಲಗಳನ್ನು ಒಂದರ ತಲೆ ಒಂದರ ಮೇಲೆ ಬರುವ ಹಾಗೆ ನೈಲಾನ್ ಹಗ್ಗಕ್ಕೆ ಕಟ್ಟಿ. ನಡುವೆ ಸಂದಿ ಬಿಟ್ಟರೆ ಎಣ್ಣೆ ಅಲ್ಲಿಂದಲೇ ಹೋಗುತ್ತದೆ. ಹತ್ತಿ ಸಿಗದಿದ್ದರೆ ಕಾಳು ಬಿಡಿಸಿದ ಗೋವಿನಜೋಳದ ದಿಂಡನ್ನು ಜಜ್ಜಿ ತುಂಬಬಹುದು, ಒಣ ಕಣಕಿಯೂ ಆಗುತ್ತದೆ.

ಹಳ್ಳಕ್ಕೆ ನೇರ ಅಡ್ಡ ಕಟ್ಟಬೇಡಿ. ಮೊದಲು ಒಂದು ಕಡ್ಡಿ ನೀರಿಗೆ ಎಸೆದು ನೋಡಿ. ಒಂದು ಮೀಟರ್ ದೂರವನ್ನು ಮೂರು ಸೆಕೆಂಡಿಗಿಂತ ಬೇಗ ದಾಟಿತೆಂದರೆ ನೇರ ಕಟ್ಟಿದ ಬೂಮಿನ ಅಡಿಯಿಂದ ಎಣ್ಣೆ ನುಸುಳುತ್ತದೆ. ಓರೆಯಾಗಿ ಕಟ್ಟಿ. ಆಗ ಎಣ್ಣೆ ಬೂಮಿನ ಗುಂಟ ಸರಿದು ಒಂದು ದಂಡೆಗೆ ಬಂದು ಸೇರುತ್ತದೆ. ಆ ದಂಡೆ ಟ್ರ್ಯಾಕ್ಟರ್ ಹತ್ತಿರ ಬರುವಂಥದ್ದಾಗಿರಲಿ. ಒಂದರ ಕೆಳಗೆ ಇನ್ನೊಂದು, ಎರಡು ಸಾಲು ಕಟ್ಟಿದರೆ ಒಳ್ಳೆಯದು. ಪೈಪ್ ಒಡ್ಡಿನ ಮುಂದೆಯೇ ಒಂದು ಸಾಲು ಇರಲಿ.

ಹೆಜ್ಜೆ 4: ಎತ್ತುವುದು

ದಂಡೆಗೆ ಸೇರಿದ ಎಣ್ಣೆಯನ್ನು ಅಗಲ ಬಾಯಿಯ ಪಾತ್ರೆಯಿಂದ ಮೇಲ್ಮೇಲೆ ತೆಗೆದು ಡ್ರಮ್ಮಿಗೆ ಹಾಕಿ. ತಳದಲ್ಲಿ ನಲ್ಲಿ ಇರುವ ಡ್ರಮ್ ಆದರೆ ಕೆಲಸ ಅರ್ಧ ಕಡಿಮೆ. ಒಂದು ತಾಸು ಬಿಟ್ಟರೆ ನೀರು ಕೆಳಗೆ, ಎಣ್ಣೆ ಮೇಲೆ ನಿಲ್ಲುತ್ತದೆ. ನಲ್ಲಿ ತಿರುಗಿಸಿ ನೀರನ್ನು ಒಡ್ಡಿನ ಹಿಂದಕ್ಕೇ ಬಿಡಿ, ಕೆರೆ ಕಡೆಗಲ್ಲ. ಕರೆಂಟಿನ ಮೋಟರ್ ಹಚ್ಚಬೇಡಿ, ಕಿಡಿಯ ಭಯ ಇದೆ.

ಕೈಗೆ ದಪ್ಪ ರಬ್ಬರ್ ಗವಸು, ಕಾಲಿಗೆ ಗಂಬೂಟು, ಮೈ ತುಂಬ ಬಟ್ಟೆ. 2017ರ ಜನವರಿ 28ರಂದು ಚೆನ್ನೈ ಹತ್ತಿರದ ಎನ್ನೋರಿನಲ್ಲಿ ಎರಡು ಹಡಗು ಡಿಕ್ಕಿಯಾದಾಗ ಹುಡುಗರು ಬಕೆಟ್ ಹಿಡಿದು ಕಪ್ಪು ಎಣ್ಣೆಯಲ್ಲಿ ನಿಂತಿದ್ದ ಫೋಟೋಗಳನ್ನು ನೀವೂ ನೋಡಿರಬಹುದು. ಎಷ್ಟೋ ಜನರ ಕೈಯಲ್ಲಿ ಗವಸೂ ಇರಲಿಲ್ಲ. ನಮ್ಮ ಹುಡುಗರನ್ನು ಹಾಗೆ ಇಳಿಸಬಾರದು. ಗಾಳಿ ಬೆನ್ನಿಗೆ ಬರುವ ಹಾಗೆ ನಿಲ್ಲಿ. ತಲೆ ತಿರುಗಿದರೆ, ವಾಂತಿ ಬರುವ ಹಾಗಾದರೆ ಕೂಡಲೇ ಮೇಲೆ ಬನ್ನಿ. ಗರ್ಭಿಣಿಯರು, ಮಕ್ಕಳು, ಉಬ್ಬಸ ಇರುವವರು ಹತ್ತಿರ ಬೇಡ.

ಎಣ್ಣೆ ಕುಡಿದ ಚೀಲಗಳನ್ನು ತಾಡಪತ್ರಿಯ ಮೇಲೆ ಒಟ್ಟಿ, ಮೇಲೆ ಇನ್ನೊಂದು ತಾಡಪತ್ರಿ ಹೊದಿಸಿ. ಒಲೆಗೆ ಹಾಕಲು ಒಯ್ಯುವವರು ಬಂದೇ ಬರುತ್ತಾರೆ, ಕೊಡಬೇಡಿ.

ಮಾಡಲೇಬಾರದ ಮೂರು

ಸೋಪು. 1967ರಲ್ಲಿ ಇಂಗ್ಲೆಂಡಿನ ತೀರದಲ್ಲಿ ಟೊರೆ ಕ್ಯಾನಿಯನ್ ಎಂಬ ದೊಡ್ಡ ತೈಲಹಡಗು ಬಂಡೆಗೆ ಬಡಿದು ಒಡೆಯಿತು. ದಂಡೆ ತೊಳೆಯಲು ಸುಮಾರು 10,000 ಟನ್ ಡಿಟರ್ಜೆಂಟ್ ಸುರಿದರು. ಬಂಡೆಗೆ ಅಂಟಿ ಬದುಕುವ ಜೀವಗಳು ಎಣ್ಣೆಗಿಂತ ಆ ಸೋಪಿನಿಂದಲೇ ಹೆಚ್ಚು ಸತ್ತವು. ಸೋಪು ಹಾಕಿದರೆ ಎಣ್ಣೆ ಸಣ್ಣ ಸಣ್ಣ ಹನಿಯಾಗಿ ನೀರಿನೊಳಗೆ ಬೆರೆಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಮೀನಿನ ಕಿವಿರಿಗೆ ಹೋಗುತ್ತದೆ, ಕೆಸರಿಗೆ ಇಳಿಯುತ್ತದೆ. ಆಮೇಲೆ ಯಾವ ಹತ್ತಿಯೂ ಅದನ್ನು ಎತ್ತಲಾರದು. ನಮ್ಮ ಹಳ್ಳದಲ್ಲಿ ಆದದ್ದು ಇದೇ. ಮೂರನೆಯ ದಿನ ಕೆರೆಯ ಏರಿ ಗುಂಟ ಬೆರಳುದ್ದದ ಮೀನುಗಳು ಬೆಳ್ಳಗೆ ತೇಲುತ್ತಿದ್ದವು.

ಜೋರು ನೀರು. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನ ಎಣ್ಣೆ ಚೆಲ್ಲಿದಾಗ ಕಂಪನಿ ಬಿಸಿನೀರನ್ನು ಜೋರಾಗಿ ಚಿಮ್ಮಿಸಿ ದಂಡೆಯ ಕಲ್ಲು ತೊಳೆಸಿತು. ಕಲ್ಲು ಬೆಳ್ಳಗಾದವು, ಕಲ್ಲಿನ ಜೀವಗಳು ಬೆಂದುಹೋದವು. ರಸ್ತೆ ಮೇಲಿನ ಡೀಸೆಲ್ಲಿಗೆ ನೀರು ಬೇಡ. ಕಟ್ಟಿಗೆ ಹೊಟ್ಟು ಅಥವಾ ಒಣ ಮಣ್ಣು ಚೆಲ್ಲಿ, ಹೀರಿದ ಮೇಲೆ ಗುಡಿಸಿ ತುಂಬಿ. ಬೆಂಕಿಯ ಭಯಕ್ಕೆ ಫೈರ್‌ನವರು ನೊರೆ ಹೊಡೆದರೆ ಅಡ್ಡ ಬರಬೇಡಿ, ಜೀವ ಮೊದಲು. ಆದರೆ ಆ ನೀರು ಹಳ್ಳಕ್ಕೆ ಇಳಿಯುವ ಬದಲು ಒಂದು ಗುಂಡಿಯಲ್ಲಿ ನಿಲ್ಲುವ ಹಾಗೆ ಮಾಡಬಹುದಾ ಎಂದು ಕೇಳಿ. ಕೇಳಿದರೆ ಮಾಡುತ್ತಾರೆ.

ಬೆಂಕಿ. ಸಮುದ್ರದಲ್ಲಿ ತರಬೇತಾದವರು ಎಣ್ಣೆಯನ್ನು ಸುಡುವುದುಂಟು. ಹಳ್ಳದಲ್ಲಿ, ಬಣವೆಗಳ ನಡುವೆ, ಅದರ ಮಾತೇ ಬೇಡ.

ಹೆಜ್ಜೆ 5: ಹೊಲ, ಬಾವಿ, ದನ

ಮಸಾರಿ ಮಣ್ಣಿನಲ್ಲಿ ಎಣ್ಣೆ ಬೇಗ ಇಂಗುತ್ತದೆ. ಎರೆ ಹೊಲದ ಕತೆ ಬೇರೆ. ಮಳೆಗಾಲದಲ್ಲಿ ಅದು ಎಣ್ಣೆಯನ್ನು ಮೇಲೆಯೇ ತಡೆಯುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಮಾತ್ರ ಎಣ್ಣೆ ಆ ಬಿರುಕಿನಲ್ಲಿ ಸೀದಾ ಆಳಕ್ಕೆ ಇಳಿಯುತ್ತದೆ. ಹಾಗಾಗಿ ಬೇಸಿಗೆಯಾಗಿದ್ದರೆ ಎಣ್ಣೆ ಬರುವ ದಾರಿಯಲ್ಲಿ ಬಿರುಕುಗಳನ್ನು ಮೊದಲು ಮಣ್ಣಿನಿಂದ ಮುಚ್ಚಿ. ನೆನೆದ ಮೇಲ್ಮಣ್ಣನ್ನು ಕೆರೆದು ತಾಡಪತ್ರಿಯ ಮೇಲೆ ಒಂದು ಕಡೆ ಹಾಕಿ. ಒಳ್ಳೆಯ ಮಣ್ಣಿನ ಜೊತೆ ಬೆರೆಸಬೇಡಿ, ನೇಗಿಲು ಹೊಡೆದು ಮುಚ್ಚಬೇಡಿ.

ಸ್ವಲ್ಪ ಮಾತ್ರ ಎಣ್ಣೆ ಉಳಿದ ಮಣ್ಣನ್ನು ಸೂಕ್ಷ್ಮಜೀವಿಗಳೇ ತಿಂದು ಸ್ವಚ್ಛ ಮಾಡುತ್ತವೆ. ಅವಕ್ಕೆ ಗಾಳಿ, ಹಸಿ, ಸಾರಜನಕ ಬೇಕು. ಅಲಾಸ್ಕಾದ ದಂಡೆಗಳಿಗೂ ಇದೇ ಕಾರಣಕ್ಕೆ ಗೊಬ್ಬರ ಹಾಕಿದ್ದರು. ದೆಹಲಿಯ ಟೆರಿ ಎಂಬ ಸಂಶೋಧನಾ ಸಂಸ್ಥೆ ತಯಾರಿಸಿದ ಆಯಿಲ್‌ಜ್ಯಾಪರ್ ಎಂಬ ಸೂಕ್ಷ್ಮಜೀವಿಗಳ ಮಿಶ್ರಣ ನಮ್ಮ ದೇಶದಲ್ಲೇ ಇದೆ. ಎಷ್ಟು ಹಾಕಬೇಕು, ಮುಂದಿನ ಹಂಗಾಮಿಗೆ ಬಿತ್ತಬಹುದೇ ಎನ್ನುವುದನ್ನು ಸುಮ್ನೆ ಊಹೆ ಮಾಡಬೇಡಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಹುಲಕೋಟಿ ಅಥವಾ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ಯಾವುದು ಹತ್ತಿರವೋ ಅಲ್ಲಿಗೆ ಮಣ್ಣಿನ ಸ್ಯಾಂಪಲ್ ಒಯ್ದು ಕೇಳಿ.

ಹತ್ತಿರದ ಬೋರ್‌ವೆಲ್ ಕೂಡಲೇ ಬಂದ್ ಮಾಡಿ. ಓಡುವ ಪಂಪು ಸುತ್ತಲಿನ ನೀರಿನ ಜೊತೆ ಎಣ್ಣೆಯನ್ನೂ ತನ್ನ ಕಡೆ ಎಳೆದುಕೊಳ್ಳುತ್ತದೆ. ದನಗಳನ್ನು ಕೆರೆಗೆ ಬಿಡಬೇಡಿ. ಎಮ್ಮೆಯೋ ಆಕಳೋ ಎಣ್ಣೆ ನೀರು ಕುಡಿದುಬಿಟ್ಟರೆ ಗೊಟ್ಟದಲ್ಲಿ ಏನನ್ನೂ ಕುಡಿಸಲು ಹೋಗಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಉಳಿಸುವುದು ಕಷ್ಟ. 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಬರುತ್ತದೆ. ಮನುಷ್ಯರಿಗೂ ಇದೇ ಮಾತು: ನುಂಗಿದವರಿಗೆ ವಾಂತಿ ಮಾಡಿಸಬೇಡಿ, ಸೀದಾ ಆಸ್ಪತ್ರೆಗೆ.

ಚಳಿಗಾಲದಲ್ಲಿ ಹಕ್ಕಿಗಳನ್ನೂ ನೆನಪಿಡಿ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಎಣ್ಣೆ ತಾಗಿದ ಗರಿ ನೀರನ್ನು ತಡೆಯುವುದಿಲ್ಲ, ಹಕ್ಕಿ ಚಳಿಗೆ ನಡುಗಿ ಸಾಯುತ್ತದೆ. ಅಂಥ ಹಕ್ಕಿ ಸಿಕ್ಕರೆ ತೊಳೆಯಬೇಡಿ. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ ಕತ್ತಲಲ್ಲಿಟ್ಟು ಅರಣ್ಯ ಇಲಾಖೆಗೆ ಹೇಳಿ.

ಹೆಜ್ಜೆ 6: ಕಂಪನಿಯವರು ಬಂದ ಮೇಲೆ

ಅವರು ಬಂದಾಗ ಜಗಳಕ್ಕೆ ನಿಲ್ಲಬೇಡಿ. ಅವರ ಹತ್ತಿರ ಪಂಪು, ಖಾಲಿ ಟ್ಯಾಂಕರ್, ಹೀರುವ ಹಾಸು ಎಲ್ಲ ಇರುತ್ತವೆ, ಕೆಲಸ ಆಗಬೇಕು. ಅದರ ಜೊತೆಗೇ ಕೆಲವು ವಿಷಯ ಬರಹದಲ್ಲಿ ಕೇಳಿ.

ಮೊದಲನೆಯದು, ಎಷ್ಟು ಚೆಲ್ಲಿದೆ. "ಸ್ವಲ್ಪ ಹೋಗೇತ್ರಿ, ಒಂದೆರಡ ಬ್ಯಾರಲ್" ಎಂದು ನಮಗೆ ಹೇಳಿದರು. ಬಿಪಿ ಪ್ರಕರಣದಲ್ಲಿ ಮೊದಲು ಕೇಳಿಬಂದ ಲೆಕ್ಕ ದಿನಕ್ಕೆ 1,000 ಬ್ಯಾರಲ್. ಕೆಲವೇ ದಿನಕ್ಕೆ ಅದು 5,000 ಆಯಿತು. ಕೊನೆಗೆ ಸರ್ಕಾರದ ವಿಜ್ಞಾನಿಗಳು ಕೂತು ಲೆಕ್ಕ ಹಾಕಿದಾಗ ಶುರುವಿನಲ್ಲಿ ದಿನಕ್ಕೆ ಸುಮಾರು 62,000 ಬ್ಯಾರಲ್ ಹೋಗುತ್ತಿತ್ತು ಎಂದು ಗೊತ್ತಾಯಿತು. ನಮ್ಮ ವಿಷಯದಲ್ಲಿ ಇದು ಬಹಳ ಸುಲಭದ ಲೆಕ್ಕ. ಇನ್‌ವಾಯ್ಸ್‌ನಲ್ಲಿ ಎಷ್ಟು ಲೋಡ್ ಎಂದು ಬರೆದಿರುತ್ತದೆ. ಬೇರೆ ಟ್ಯಾಂಕರ್‌ಗೆ ಎಷ್ಟು ತುಂಬಿದರು ಎಂದು ಡಿಪ್ ರಾಡ್ (ಅಳತೆ ಗುರುತಿನ ಕೋಲು) ಹಾಕಿ ಅಳೆಯುತ್ತಾರೆ. 12,000 ಲೀಟರ್ ಲೋಡ್ ಆಗಿ 9,000 ವಾಪಸ್ ತುಂಬಿದರೆ 3,000 ನಮ್ಮ ಮಣ್ಣು ನೀರಿನಲ್ಲಿದೆ ಎಂದರ್ಥ. ಅಳೆಯುವಾಗ ಹತ್ತಿರ ನಿಂತು ನೋಡಿ, ಇನ್‌ವಾಯ್ಸ್‌ನ ಫೋಟೋ ಇಟ್ಟುಕೊಳ್ಳಿ. ನೀರಿನ ಬಣ್ಣ ನೋಡಿ ಅಂದಾಜು ಮಾಡಬೇಡಿ. ಒಂದೇ ಲೀಟರ್ ಡೀಸೆಲ್ ಮಳೆಬಿಲ್ಲಿನ ಬಣ್ಣದ ತೆಳು ಪೊರೆಯಾದರೆ ಮುಕ್ಕಾಲು ಎಕರೆ ಹರಡಬಲ್ಲದು.

ಎರಡನೆಯದು, ಜವಾಬ್ದಾರಿ ಯಾರದ್ದು. ಎಣ್ಣೆ ಕಂಪನಿಯವರು ಟ್ರಾನ್ಸ್‌ಪೋರ್ಟ್‌ನವರನ್ನು ತೋರಿಸುತ್ತಾರೆ. ಟ್ರಾನ್ಸ್‌ಪೋರ್ಟ್‌ನವರು ಡ್ರೈವರ್‌ನನ್ನು. ಡ್ರೈವರ್ ಆಸ್ಪತ್ರೆಯಲ್ಲಿರುತ್ತಾನೆ. ಅಮೆರಿಕದಲ್ಲೂ ಬಿಪಿ, ಬಾವಿ ಕೊರೆಯುವ ರಿಗ್‌ನ ಒಡೆಯರಾದ ಟ್ರಾನ್ಸ್‌ಓಷನ್, ಬಾವಿಗೆ ಸಿಮೆಂಟ್ ಹಾಕಿದ ಹ್ಯಾಲಿಬರ್ಟನ್ ಮೂರೂ ಕಂಪನಿಗಳು ಸಂಸತ್ತಿನ ವಿಚಾರಣೆಯಲ್ಲಿ ಒಬ್ಬರ ಮೇಲೊಬ್ಬರು ಹಾಕಿದವು. ಅವರವರ ತಂಟೆ ಅವರು ನೋಡಿಕೊಳ್ಳಲಿ. ನೀವು ಎಲ್ಲರಿಗೂ ಬೇರೆ ಬೇರೆ ಅರ್ಜಿ ಕೊಡಿ, ಪಂಚಾಯಿತಿ ಸೀಲ್ ಹಾಕಿಸಿ, ಸ್ವೀಕೃತಿ ತೆಗೆದುಕೊಳ್ಳಿ.

ಮೂರನೆಯದು, ಎತ್ತಿದ ಎಣ್ಣೆ, ಮಣ್ಣು, ಚೀಲ ಎಲ್ಲಿಗೆ ಹೋಗುತ್ತವೆ. ಇದು ಅಪಾಯಕಾರಿ ತ್ಯಾಜ್ಯ. 2016ರ ನಿಯಮದ ಪ್ರಕಾರ ಪರವಾನಗಿ ಇದ್ದ ಜಾಗಕ್ಕೇ ಹೋಗಬೇಕು, ಪಕ್ಕದೂರಿನ ಕ್ವಾರಿ ಗುಂಡಿಗೆ ಅಲ್ಲ. ಯಾವ ಗಾಡಿಯಲ್ಲಿ ಎಷ್ಟು ಹೋಯಿತು ಎನ್ನುವ ಚೀಟಿಯ ಪ್ರತಿ ಕೇಳಿ.

ಇನ್ನು ಸಹಿಯ ವಿಷಯ. ಬಿಪಿ ಕಂಪನಿ ಮೀನುಗಾರರ ದೋಣಿಗಳನ್ನೇ ಬಾಡಿಗೆಗೆ ಹಿಡಿದಾಗ, ಮೊದಲು ಕೊಟ್ಟ ಕರಾರಿನಲ್ಲಿ ಅವರ ಹಕ್ಕು ಬಿಟ್ಟುಕೊಡುವ ಷರತ್ತುಗಳಿದ್ದವು. ಕೋರ್ಟಿಗೆ ಹೋದ ಮೇಲೆ ಅವನ್ನು ತೆಗೆದರು. ನಮ್ಮೂರಲ್ಲಿ ಒಬ್ಬ ಹಿರಿಯರಿಗೆ ಕೈಯಲ್ಲಿ ಐದು ಸಾವಿರ ಕೊಟ್ಟು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. "ಬಾವಿ ನೀರ ವಾಸನಿ ಬರಾಕತ್ತೇತ್ರೀ" ಎಂದು ಆರು ತಿಂಗಳ ಮೇಲೆ ಅವರು ಹೇಳಿದಾಗ ಕಂಪನಿಯವರು ತೋರಿಸಿದ್ದು ಆ ಕಾಗದವನ್ನೇ. ಕೆಲಸಕ್ಕೆ ಕೂಲಿ ತೆಗೆದುಕೊಳ್ಳಿ, ಕೂಲಿಯ ಚೀಟಿಗೆ ಸಹಿ ಮಾಡಿ. 'ಪೂರ್ಣ ಪರಿಹಾರ ಮುಟ್ಟಿದೆ' ಎಂಬ ಕಾಗದಕ್ಕೆ ವಕೀಲರಿಗೆ ತೋರಿಸದೆ ಸಹಿ ಬೇಡ. ಅಪ್ಪ ಅಜ್ಜಂದಿರಿಗೆ ಮನೆಯಲ್ಲಿ ಮೊದಲೇ ಹೇಳಿಡಿ.

ಹೆಜ್ಜೆ 7: ಸಾಕ್ಷಿ ಮತ್ತು ಅರ್ಜಿ

ನೀರಿನ ಸ್ಯಾಂಪಲ್ ಗಾಜಿನ ಬಾಟಲಿಯಲ್ಲೇ ತೆಗೆಯಿರಿ. ಪ್ಲಾಸ್ಟಿಕ್‌ಗೆ ಎಣ್ಣೆ ಅಂಟಿಕೊಳ್ಳುತ್ತದೆ. ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಜಾಮ್ ಬಾಟಲಿ ಸಾಕು. ಎಣ್ಣೆ ಬಿದ್ದ ಜಾಗದಿಂದ ಮೇಲೆ ಎರಡು ಕಡೆ, ಕೆಳಗೆ ಎರಡು ಕಡೆ. ಮೇಲಿನದು ಯಾಕೆ ಅಂದರೆ, "ಈ ನೀರು ಮೊದಲಿಂದ್ಲೂ ಹೀಗೇ ಇತ್ತು" ಎಂದು ನಾಳೆ ಯಾರೂ ಹೇಳಬಾರದು. ಬಾಟಲಿಯ ಮೇಲೆ ಜಾಗ, ತಾರೀಖು, ಗಂಟೆ ಬರೆದು ಇಬ್ಬರ ಸಹಿ ಹಾಕಿಸಿ, ಕಪ್ಪು ಬಟ್ಟೆ ಸುತ್ತಿ ತಂಪಾದ ಜಾಗದಲ್ಲಿಡಿ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ತಾವೂ ಸ್ಯಾಂಪಲ್ ತೆಗೆಯುವಂತೆ ಒತ್ತಾಯಿಸಿ, ಕಾನೂನಿನಲ್ಲಿ ತೂಕ ಇರುವುದು ಅದಕ್ಕೇ.

ಗ್ರಾಮ ಆಡಳಿತ ಅಧಿಕಾರಿಯಿಂದ ಪಂಚನಾಮೆ ಮಾಡಿಸಿ. ಉತಾರ, ಬೆಳೆಯ ಫೋಟೋ, ಎಫ್‌ಐಆರ್ ಪ್ರತಿ, ಪಶುವೈದ್ಯರ ಚೀಟಿ, ಮೊದಲು ಹೇಳಿದ ಆ ನೋಟ್‌ಬುಕ್ ಎಲ್ಲ ಒಂದೇ ಫೈಲಿನಲ್ಲಿರಲಿ.

1991ರ ಸಾರ್ವಜನಿಕ ಹೊಣೆಗಾರಿಕೆ ವಿಮೆ ಕಾಯ್ದೆ ಎಂದು ಒಂದಿದೆ. ಅಪಾಯಕಾರಿ ವಸ್ತುವಿನಿಂದ ಅಪಘಾತವಾಗಿ ಜೀವಕ್ಕೋ ಆಸ್ತಿಗೋ ಹಾನಿಯಾದರೆ, ತಪ್ಪು ಯಾರದ್ದು ಎಂದು ನೀವು ರುಜುವಾತು ಮಾಡದೆಯೇ ಜಿಲ್ಲಾಧಿಕಾರಿಗೆ ಪರಿಹಾರದ ಅರ್ಜಿ ಕೊಡಬಹುದು. ಅಪಘಾತವಾಗಿ ಐದು ವರ್ಷದೊಳಗೆ ಕೊಡಬೇಕು. ಕೆರೆಯ ಹಾನಿ, ಪರಿಸರದ ಹಾನಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದೆ. ನಮ್ಮ ರಾಜ್ಯಕ್ಕೆ ಚೆನ್ನೈ ಪೀಠ. ಅಲ್ಲೂ ಪರಿಹಾರ ಕೇಳಲು ಐದು ವರ್ಷದ ಗಡುವು. ಪಂಚಾಯಿತಿ ಠರಾವು ಪಾಸು ಮಾಡಿ ಊರಿನ ಪರವಾಗಿ ಹೋದರೆ ಒಬ್ಬೊಬ್ಬರೇ ಅಲೆಯುವುದು ತಪ್ಪುತ್ತದೆ.

ತಾಳ್ಮೆ ಬೇಕು. ಎಕ್ಸಾನ್ ವಾಲ್ಡೆಜ್ ಎಣ್ಣೆಯಿಂದ ನಷ್ಟವಾದ ಅಲಾಸ್ಕಾದವರಿಗೆ 1994ರಲ್ಲಿ ಕೋರ್ಟು 500 ಕೋಟಿ ಡಾಲರ್ ದಂಡ ಪರಿಹಾರ ಎಂದಿತು. ಕಂಪನಿ ಮೇಲ್ಮನವಿ ಹಾಕುತ್ತ ಹೋಯಿತು. 2008ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸುಮಾರು 50 ಕೋಟಿಗೆ ಇಳಿಸಿತು. ಅಷ್ಟರಲ್ಲಿ ಎಣ್ಣೆ ಚೆಲ್ಲಿ 19 ವರ್ಷ ಕಳೆದಿತ್ತು. ಹಾಗಾಗಿ ಪ್ರತಿ ಕಾಗದದ ಮೂರು ಝೆರಾಕ್ಸ್ ಮಾಡಿ ಮೂರು ಮನೆಯಲ್ಲಿಡಿ.

ಹೆಜ್ಜೆ 8: ಮಳೆಗಾಲದಲ್ಲಿ ಮತ್ತೊಮ್ಮೆ

ಕಂಪನಿಯವರು ಬೋರ್ಡು ಕಿತ್ತುಕೊಂಡು ಹೋದ ಮೇಲೂ ಕೆಸರಿನಲ್ಲಿ, ಮಣ್ಣಿನ ಸಂದಿಯಲ್ಲಿ ಎಣ್ಣೆ ಉಳಿದಿರುತ್ತದೆ. ಬಾವಿ ಮತ್ತು ಬೋರಿನ ನೀರನ್ನು ಮೂರು ತಿಂಗಳಿಗೊಮ್ಮೆ, ಕನಿಷ್ಠ ಒಂದು ವರ್ಷ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ಖರ್ಚು ಕಂಪನಿಯದ್ದೇ ಎಂದು ಮೊದಲೇ ಬರೆಸಿಕೊಳ್ಳಿ. ಈರುಳ್ಳಿ ಚೀಲದ ಬೂಮ್ ಒಂದು ಸಾಲನ್ನು ಪಂಚಾಯಿತಿ ಕೋಣೆಯಲ್ಲಿ ಸುತ್ತಿ ಇಟ್ಟಿರಿ. ನಮ್ಮಲ್ಲಿ ಈಗ ಇಪ್ಪತ್ತು ಚೀಲ ಇವೆ, ಇಲಿ ಹೊಗದಂತೆ ಡ್ರಮ್ಮಿನಲ್ಲಿ.

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಬೆಳಗ್ಗೆ, ಬಿಸಿಲು ಏರುವ ಮೊದಲು, ಹಳ್ಳ ಕೆರೆಗೆ ಸೇರುವ ಜಾಗಕ್ಕೆ ಹೋಗಿ ನೋಡಿ. ನೀರಿನ ಮೇಲೆ ಬಣ್ಣದ ಪೊರೆ ಕಂಡರೆ ಒಂದು ಕಡ್ಡಿಯಿಂದ ಅದನ್ನು ಮುರಿಯಿರಿ. ಗಾಜಿನ ಹಾಗೆ ಚೂರು ಚೂರಾಗಿ ಒಡೆದು ಬೇರೆಯಾಗಿಯೇ ಉಳಿದರೆ ಅದು ಕೆಸರಿನ ಕಬ್ಬಿಣದಿಂದ ಬಂದ ಪೊರೆ, ಹೆದರಬೇಡಿ. ಮುರಿದದ್ದು ಮತ್ತೆ ಹರಿದು ಒಂದಾದರೆ ಅದು ಎಣ್ಣೆ. ಫೋಟೋ ತೆಗೆದು, ಬಾಟಲಿ ತುಂಬಿ, ತಾರೀಖು ಬರೆದು ಅದೇ ಫೈಲಿಗೆ ಸೇರಿಸಿ.